ಬೆಳೆಗೆ ಎಣ್ಣೆ ಹೊಡೆದ ಮೇಲೆ ಜೀವಕೋಶದೊಳಗೆ ಏನಾಗುತ್ತದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಬೆಳೆಗೆ ಹೊಡೆಯುವ ಔಷಧಗಳಲ್ಲಿ ಕೆಲವು ನಮ್ಮ ಮೈಯ ಹಾರ್ಮೋನುಗಳ ಕೆಲಸಕ್ಕೂ ಕೈ ಹಾಕುತ್ತವೆ. ಈ ವಿಷಯದ ಮೇಲೆ ರಾಯಚೂರು, ಬಳ್ಳಾರಿ, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿದ್ದೇವೆ. ಬರೆದವರ ಊರನ್ನಷ್ಟೇ ಕೊಟ್ಟಿದ್ದೇವೆ.

ಮೂವತ್ತು ವರ್ಷದಿಂದ ಭತ್ತಕ್ಕ ಎಣ್ಣಿ ಹೊಡೀತೀನ್ರಿ. ಒಮ್ಮೆಯೂ ತಲಿ ತಿರುಗಿಲ್ಲ, ವಾಂತಿ ಆಗಿಲ್ಲ. ಕೆಂಪು ಗುರುತಿನ ಡಬ್ಬಿ ತರಂಗಿಲ್ಲ, ನೀಲಿ ಇಲ್ಲಾ ಹಸರು ಇದ್ದದ್ದೇ ತರ್ತೀನಿ. ಈಗ ನೋಡಿದ್ರ ಹಾರ್ಮೋನ್ ಕೆಡ್ತದ ಅಂತ ಹೇಳಾಕತ್ತಾರ. ಖರೇ ಏನ್ರಿ? (ಸಿಂಧನೂರು)

ಎಲ್ಲ ಔಷಧಗಳಿಗೂ ಆ ಮಾತು ಸಲ್ಲುವುದಿಲ್ಲ. ಸಲ್ಲುವ ಔಷಧಗಳನ್ನು ಗುರುತಿಸಲು ಮಾತ್ರ ಡಬ್ಬಿಯ ಬಣ್ಣ ನಿಮಗೆ ನೆರವಾಗುವುದಿಲ್ಲ.

ಡಬ್ಬಿಯ ಮೇಲಿನ ತ್ರಿಕೋನ ಹೇಳುವುದು ಒಂದೇ ಸಂಗತಿ: ಒಂದೇ ಸಲಕ್ಕೆ ಹೊಟ್ಟೆಗೆ ಹೋದರೆ ಇಲ್ಲವೆ ಚರ್ಮಕ್ಕೆ ತಗಲಿದರೆ ಎಷ್ಟಕ್ಕೆ ಜೀವ ಹೋಗುತ್ತದೆ ಎಂಬುದು. ಹೊಟ್ಟೆಗೆ ಕೊಟ್ಟಾಗ ಪ್ರಯೋಗದ ಇಲಿಗಳಲ್ಲಿ ಅರ್ಧದಷ್ಟು ಸಾಯಲು ಬೇಕಾಗುವ ಪ್ರಮಾಣ, ಪ್ರತಿ ಕಿಲೋ ತೂಕಕ್ಕೆ, 50 ಮಿಲಿಗ್ರಾಂವರೆಗೆ ಇದ್ದರೆ ಕೆಂಪು, 51ರಿಂದ 500 ಹಳದಿ, 501ರಿಂದ 5000 ನೀಲಿ, ಅದರಾಚೆ ಹಸಿರು. ಗರ್ಭಕ್ಕೆ, ಥೈರಾಯ್ಡಿಗೆ, ವೀರ್ಯಕ್ಕೆ ಏನಾಗುತ್ತದೆ ಎಂಬುದು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಮ್ಯಾಂಕೋಜೆಬ್ ನೋಡಿ. ಮೆಣಸಿನಕಾಯಿಗೆ, ದಾಳಿಂಬೆಗೆ ನಮ್ಮ ಕಡೆ ಧಾರಾಳವಾಗಿ ಬೀಳುವ ಈ ಶಿಲೀಂಧ್ರನಾಶಕ ಪುಡಿಯ ಮಾರಕ ಪ್ರಮಾಣ 5000ಕ್ಕೂ ಮೇಲೆ. ತಿಂದ ಕೂಡಲೇ ಕೊಲ್ಲುವ ಪೈಕಿ ಅದಲ್ಲ. ಆದರೂ ಐರೋಪ್ಯ ಒಕ್ಕೂಟ 2020ರ ಕೊನೆಗೆ ಅದರ ಅನುಮತಿಯನ್ನು ನವೀಕರಿಸಲಿಲ್ಲ. ಕೊಟ್ಟ ಕಾರಣಗಳಲ್ಲಿ ಹಾರ್ಮೋನು ವ್ಯವಸ್ಥೆಗೆ ಅಡ್ಡಿ ಮಾಡುತ್ತದೆ ಎಂಬುದೂ ಒಂದು.

ತಲೆ ತಿರುಗುವುದು, ಜೊಲ್ಲು ಸುರಿಯುವುದು, ಕಣ್ಣಿನ ಪಾಪೆ ಸಣ್ಣದಾಗುವುದು ಬೇರೆ ದಾರಿಯ ವಿಷದ ಲಕ್ಷಣ. ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್‌ನಂಥ ರಂಜಕದ ಔಷಧಗಳು ನರಗಳ ನಡುವಿನ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಒಡೆಯುವ ಕಿಣ್ವವನ್ನು ತಡೆಯುತ್ತವೆ, ಗಂಟೆಗಳಲ್ಲೇ ಗೊತ್ತಾಗುತ್ತದೆ. ಹಾರ್ಮೋನಿನ ದಾರಿಯಲ್ಲಿ ಆಗುವ ಏರುಪೇರು ಆವತ್ತು ಯಾವ ಸುಳಿವನ್ನೂ ಕೊಡುವುದಿಲ್ಲ. ಹೀಗಾಗಿ ‘ನನಗೇನೂ ಆಗಿಲ್ಲ’ ಎಂಬುದು ಮೊದಲನೆಯ ದಾರಿಗೆ ಸಾಕ್ಷಿಯಾದೀತು, ಎರಡನೆಯದಕ್ಕೆ ಆಗದು.

ಈ ಔಷಧಗಳು ಡಿಎನ್‌ಎಯನ್ನು ಕತ್ತರಿಸುವುದಿಲ್ಲ, ಆದರೂ ಜೀನ್‌ಗಳ ನಿಯಂತ್ರಣ ತಪ್ಪಿಸುತ್ತವೆ ಎಂದು ಓದಿದೆ. ತಪ್ಪುವುದು ಯಾವ ಹಂತದಲ್ಲಿ? ಪಿಯು ಮಕ್ಕಳಿಗೆ ಪಾಠ ಹೇಳಲು ಸ್ವಲ್ಪ ವಿವರವಾಗಿಯೇ ಬೇಕು. (ಬಳ್ಳಾರಿ)

ಪ್ರೋಟೀನು ತಯಾರಿಸುವ ಜೀನ್‌ಗಳು ಮನುಷ್ಯನಲ್ಲಿ ಸುಮಾರು 20,000. ಯಕೃತ್ತಿನ ಕೋಶದಲ್ಲೂ ಸ್ತನದ ಕೋಶದಲ್ಲೂ ಇರುವುದು ಅವೇ. ಯಾವುದು ಯಾವಾಗ ಎಷ್ಟು ಕೆಲಸ ಮಾಡಬೇಕು ಎಂಬುದರಲ್ಲಿ ಎಲ್ಲ ವ್ಯತ್ಯಾಸ. ಕಾಲುವೆ ತುಂಬಿ ಹರಿದರೂ ತೂಬು ಎತ್ತದೆ ಗದ್ದೆಗೆ ನೀರಿಲ್ಲ. ತೂಬು ಎತ್ತು ಎಂಬ ಆದೇಶ ಹಾರ್ಮೋನಿನದು, ಅದನ್ನು ಜಾರಿ ಮಾಡುವ ನೀರಗಂಟಿ ಗ್ರಾಹಕ ಪ್ರೋಟೀನು. ಮಕ್ಕಳಿಗೆ ಇಷ್ಟು ಹೇಳಿ ಮುಂದಿನದನ್ನು ಕಪ್ಪುಹಲಗೆಯ ಮೇಲೆ ಬಿಡಿಸಬಹುದು.

ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ನಿನ ಗ್ರಾಹಕದಿಂದ ಶುರು ಮಾಡಿ. ಎಸ್ಟ್ರಾಡಯಾಲ್ ಎಂಬ ಈಸ್ಟ್ರೋಜನ್ ಹಾರ್ಮೋನು ಬಂದು ಗ್ರಾಹಕದ ಪೊಟರೆಯೊಳಗೆ ಕೂತಾಗ ಗ್ರಾಹಕದ ಆಕಾರ ಬದಲಾಗುತ್ತದೆ. ಅದರ 12ನೇ ಸುರುಳಿ ಪೊಟರೆಯ ಬಾಯಿಗೆ ಮಡಚಿ ಕೂರುತ್ತದೆ. ಎರಡು ಗ್ರಾಹಕಗಳು ಜೋಡಿಯಾಗಿ ಡಿಎನ್‌ಎ ಮೇಲೆ ಜಿಜಿಟಿಸಿಎ, ನಡುವೆ ಯಾವುದಾದರೂ 3 ಅಕ್ಷರ, ಮತ್ತೆ ಟಿಜಿಎಸಿಸಿ ಎಂಬ ಬರಹವಿರುವ ಜಾಗವನ್ನು ಹುಡುಕಿ ಅಂಟುತ್ತವೆ. ಮಡಚಿದ ಸುರುಳಿಯಿಂದಾಗಿ ಮೂಡಿದ ಹಳ್ಳಕ್ಕೆ ಸಹಾಯಕ ಪ್ರೋಟೀನುಗಳು ಬಂದು ಸೇರುತ್ತವೆ. ಅವುಗಳಲ್ಲಿ ಪಿ300ರಂಥವು ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಪ್ರೋಟೀನಿಗೆ ಅಸಿಟೈಲ್ ಗುಂಪು ಹಚ್ಚುತ್ತವೆ, ಬಿಗಿಯಾಗಿ ಸುತ್ತಿದ್ದ ಡಿಎನ್‌ಎ ಸಡಿಲವಾಗುತ್ತದೆ, ಆರ್‌ಎನ್‌ಎ ಪಾಲಿಮರೇಸ್ 2 ಬಂದು ಜೀನಿನ ಪ್ರತಿ ತೆಗೆಯಲು ತೊಡಗುತ್ತದೆ. ಡಿಡಿಟಿಯ ಒಂದು ರೂಪವಾದ ಒ,ಪಿ-ಡಿಡಿಟಿ ಮತ್ತು ಎಂಡೋಸಲ್ಫಾನ್ ಇದೇ ಪೊಟರೆಯೊಳಗೆ ಸಡಿಲವಾಗಿ ಕೂತು, ಹಾರ್ಮೋನು ಬಾರದಿದ್ದರೂ ಈ ಸರಪಳಿಯನ್ನು ಶುರು ಮಾಡಬಲ್ಲವು. ಅಕ್ಷರ ಒಂದೂ ಬದಲಾಗಿಲ್ಲ, ಓದು ಮಾತ್ರ ಹೊತ್ತಲ್ಲದ ಹೊತ್ತಿನಲ್ಲಿ ಶುರುವಾಗಿದೆ.

ಟೆಸ್ಟೊಸ್ಟಿರೋನಿನಂಥ ಗಂಡು ಹಾರ್ಮೋನುಗಳ, ಅಂದರೆ ಆಂಡ್ರೋಜನ್ನಿನ ಗ್ರಾಹಕದಲ್ಲಿ ತೊಂದರೆ ಹೆಚ್ಚಾಗಿ ಇದರ ತಿರುವು ಮುರುವು. ಡಿಡಿಟಿ ಮೈಯೊಳಗೆ ಒಡೆದು ಉಳಿಯುವ ಪಿ,ಪಿ-ಡಿಡಿಇ ಆ ಪೊಟರೆಯಲ್ಲಿ ಜಾಗ ಹಿಡಿದು ಕೂತು ಟೆಸ್ಟೊಸ್ಟಿರೋನಿಗೆ ಎಡೆ ಕೊಡುವುದಿಲ್ಲ ಎಂದು 1995ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಭಾರತದಲ್ಲಿ ಬೇಸಾಯಕ್ಕೆ ಡಿಡಿಟಿ 1989ರಲ್ಲೇ ನಿಂತಿದೆ. ಅದು ಕೊಬ್ಬಿನಲ್ಲಿ ಕರಗಿ ದಶಕಗಳ ಕಾಲ ಉಳಿಯುವ ಜಾತಿಯದು, ಹಾಗಾಗಿ ಇಂದಿಗೂ ಅದರ ಹೆಸರು ಬರುತ್ತದೆ.

ಗ್ರಾಹಕವನ್ನು ಮುಟ್ಟದೆ ಹಾರ್ಮೋನಿನ ತಯಾರಿಯಲ್ಲೇ ಕೈಯಾಡಿಸುವ ಗುಂಪು ನಮ್ಮ ಭಾಗಕ್ಕೆ ಹೆಚ್ಚು ಹತ್ತಿರದ್ದು. ಪ್ರೊಪಿಕೊನಜೋಲ್, ಟೆಬುಕೊನಜೋಲ್, ಹೆಕ್ಸಾಕೊನಜೋಲ್ ಮುಂತಾದ ‘ಕೊನಜೋಲ್’ಗಳು ಶಿಲೀಂಧ್ರದ ಸಿವೈಪಿ51 ಎಂಬ ಕಿಣ್ವವನ್ನು ತಡೆದು ಅದರ ಕೋಶಪೊರೆಯನ್ನು ಕೆಡಿಸುತ್ತವೆ. ಅದೇ ಕುಟುಂಬದ ಸಿವೈಪಿ19, ಅಂದರೆ ಅರೊಮಟೇಸ್, ನಮ್ಮಲ್ಲಿ ಟೆಸ್ಟೊಸ್ಟಿರೋನನ್ನು ಈಸ್ಟ್ರೋಜನ್ ಆಗಿ ಬದಲಾಯಿಸುವ ಕಿಣ್ವ. ಪ್ರಯೋಗಾಲಯದಲ್ಲಿ ಈ ಗುಂಪಿನ ಹಲವು ಔಷಧಗಳು ಅದನ್ನೂ ತಡೆದಿವೆ. ಮೆಕ್ಕೆಜೋಳಕ್ಕೆ ಹಾಕುವ ಕಳೆನಾಶಕ ಅಟ್ರಜಿನ್ ಇದೇ ಕಿಣ್ವವನ್ನು ಎದುರು ದಿಕ್ಕಿಗೆ ತಳ್ಳುತ್ತದೆ. ಮನುಷ್ಯನ ಅಡ್ರಿನಲ್ ಗ್ರಂಥಿಯ ಕ್ಯಾನ್ಸರಿನಿಂದ ಪಡೆದ ಎಚ್295ಆರ್ ಕೋಶಗಳಲ್ಲಿ ಅಟ್ರಜಿನ್ ಕೊಟ್ಟಾಗ ಅರೊಮಟೇಸ್ ಜೀನಿನ ಪ್ರತಿಗಳೇ ಹೆಚ್ಚಾದವು ಎಂದು 2000ದ ಸುಮಾರಿಗೆ ತೋರಿಸಿದರು. ಕೋಶದೊಳಗೆ ಸಂದೇಶ ಒಯ್ಯುವ ಸೈಕ್ಲಿಕ್ ಎಎಂಪಿ ಎಂಬ ವಸ್ತು ಏರಿ, ಅದರ ಮೂಲಕ ಜೀನಿನ ಸ್ವಿಚ್ಚು ಒತ್ತಿದಂತಾಗುವುದು ಕಾರಣ. ಹೀಗೆ ಕೊನಜೋಲು ಕಿಣ್ವದ ಕೆಲಸ ತಡೆದರೆ ಅಟ್ರಜಿನ್ ಕಿಣ್ವದ ಸಂಖ್ಯೆ ಹೆಚ್ಚಿಸುತ್ತದೆ. ಪರೀಕ್ಷೆಯಲ್ಲಿ ಕೇಳಲು ಒಳ್ಳೆಯ ಪ್ರಶ್ನೆ ಇದು. ಇಲ್ಲಿ ಒಂದು ಎಚ್ಚರ: ಭತ್ತದ ಬೆಂಕಿ ರೋಗಕ್ಕೆ ಹೊಡೆಯುವ ಟ್ರೈಸೈಕ್ಲಜೋಲ್ ಹೆಸರಿನಲ್ಲಿ ನೆಂಟನಂತೆ ಕಂಡರೂ ಈ ಗುಂಪಿನದಲ್ಲ. ಅದು ಶಿಲೀಂಧ್ರದ ಕಪ್ಪು ಬಣ್ಣ ತಯಾರಿಯನ್ನು ತಡೆಯುವ ಔಷಧ.

ಥೈರಾಯ್ಡಿನದು ಇನ್ನೊಂದು ಬಗೆ. ಮ್ಯಾಂಕೋಜೆಬ್ ಒಡೆದಾಗ ಎಥಿಲೀನ್ ಥಯೋಯೂರಿಯಾ ಆಗುತ್ತದೆ, ಚಿಕ್ಕದಾಗಿ ಇಟಿಯು. ಥೈರಾಯ್ಡ್ ಗ್ರಂಥಿಯಲ್ಲಿ ಅಯೋಡಿನನ್ನು ಹಾರ್ಮೋನಿಗೆ ಜೋಡಿಸುವ ಪೆರಾಕ್ಸಿಡೇಸ್ ಕಿಣ್ವಕ್ಕೆ ಇದು ಅಡ್ಡ ಬರುತ್ತದೆ. ಹಾರ್ಮೋನು ಕಡಿಮೆಯಾದರೆ ಕೋಶದಲ್ಲಿ ಏನಾಗುತ್ತದೆ? ಥೈರಾಯ್ಡ್ ಗ್ರಾಹಕ ಹಾರ್ಮೋನಿಲ್ಲದಾಗಲೂ ಡಿಎನ್‌ಎ ಮೇಲೆಯೇ ಕೂತಿರುತ್ತದೆ, ಆದರೆ ಆಗ ಅದರ ಜೊತೆಗಿರುವವು ಹಿಸ್ಟೋನಿನ ಅಸಿಟೈಲ್ ಗುಂಪು ಕಿತ್ತು ಹಾಕುವ ಪ್ರೋಟೀನುಗಳು. ಜೀನ್ ಬಾಯಿ ಮುಚ್ಚಿಕೊಂಡಿರುತ್ತದೆ. ಮಿದುಳು ಬೆಳೆಯುವ ಹೊತ್ತಿನಲ್ಲಿ ಹೀಗಾದರೆ ನಷ್ಟ ದೊಡ್ಡದು.

ಔಷಧ ಹಾರ್ಮೋನಿನ ಕೆಲಸ ಕೆಡಿಸುತ್ತದೆಯೇ ಎಂದು ಕೋಶಗಳಲ್ಲಿ ನೋಡುವ ಪರೀಕ್ಷೆಯೊಂದನ್ನು ಎಂ.ಎಸ್ಸಿ. ಪ್ರಾಜೆಕ್ಟಿಗೆ ಮಾಡಬೇಕೆಂದಿದ್ದೇನೆ. ಆದರೆ ತಟ್ಟೆಯಲ್ಲಿ ಬೆಳೆಸಿದ ಕೋಶಕ್ಕೆ ದೊಡ್ಡ ಪ್ರಮಾಣ ಕೊಟ್ಟು ಬಂದ ಫಲಿತಾಂಶಕ್ಕೆ ಎಷ್ಟು ಬೆಲೆ? ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ? (ರಾಯಚೂರು)

ಬೆಲೆ ಇದೆ, ಮಿತಿಯೂ ಇದೆ. ಕೋಶಗಳ ಪರೀಕ್ಷೆಯಲ್ಲಿ ಎಸ್ಟ್ರಾಡಯಾಲ್ ಪಿಕೋಮೋಲಾರ್ ಮಟ್ಟದಲ್ಲೇ ಕೆಲಸ ತೋರಿಸುತ್ತದೆ, ಎಂಡೋಸಲ್ಫಾನಿಗೆ ಸುಮಾರು 10 ಮೈಕ್ರೋಮೋಲಾರ್ ಬೇಕು. ಅಂದರೆ ಹತ್ತು ಲಕ್ಷ ಪಟ್ಟಿನ ಆಸುಪಾಸು ದುರ್ಬಲ. ಹಾಗೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಯಾರ ಮೈಯಲ್ಲೂ ಒಂದೇ ರಾಸಾಯನಿಕ ಇರುವುದಿಲ್ಲ. ಮಾನವ ಈಸ್ಟ್ರೋಜನ್ ಗ್ರಾಹಕ ಅಳವಡಿಸಿದ ಯೀಸ್ಟಿನಲ್ಲಿ, ಒಂದೊಂದಾಗಿ ಕೊಟ್ಟರೆ ಪರಿಣಾಮ ಕಾಣದಷ್ಟು ಕಡಿಮೆ ಮಟ್ಟದಲ್ಲಿ 8 ದುರ್ಬಲ ವಸ್ತುಗಳನ್ನು ಒಟ್ಟಿಗೆ ಕೊಟ್ಟಾಗ ಸ್ಪಷ್ಟ ಪರಿಣಾಮ ಬಂದದ್ದನ್ನು ಲಂಡನ್ನಿನ ತಂಡವೊಂದು 2002ರಲ್ಲಿ ಪ್ರಕಟಿಸಿತು. ಅವು ಕೀಟನಾಶಕಗಳಾಗಿರಲಿಲ್ಲ, ಆದರೆ ಲೆಕ್ಕದ ತತ್ವ ಅದೇ.

ಈಗ ಎಡವುವ ಜಾಗಗಳು. ಈ ಪರೀಕ್ಷೆಗಳಲ್ಲಿ ಗ್ರಾಹಕ ಜೀನನ್ನು ಎಬ್ಬಿಸಿದರೆ ಕೋಶ ಲೂಸಿಫೆರೇಸ್ ಎಂಬ ಕಿಣ್ವ ತಯಾರಿಸಿ ಬೆಳಕು ಬೀರುತ್ತದೆ, ಅಳೆಯುವುದು ಆ ಬೆಳಕನ್ನು. ಮೊದಲನೆಯದು ಕೋಶಗಳ ಆಹಾರದ್ರವ. ಅದಕ್ಕೆ ಬಣ್ಣ ಕೊಡುವ ಫೀನಾಲ್ ರೆಡ್ ತಾನೇ ಸ್ವಲ್ಪ ಈಸ್ಟ್ರೋಜನ್‌ನಂತೆ ವರ್ತಿಸುತ್ತದೆ, ಸೀರಮ್ಮಿನಲ್ಲಿ ಕರುವಿನ ಹಾರ್ಮೋನುಗಳಿರುತ್ತವೆ. ಫೀನಾಲ್ ರೆಡ್ ಇಲ್ಲದ ದ್ರವ, ಡೆಕ್ಸ್‌ಟ್ರಾನ್ ಲೇಪಿಸಿದ ಇದ್ದಿಲಿನಲ್ಲಿ ಸೋಸಿದ ಸೀರಮ್ ತೆಗೆದುಕೊಳ್ಳದಿದ್ದರೆ ಔಷಧ ಹಾಕದ ತಟ್ಟೆಯೇ ಹೊಳೆಯುತ್ತದೆ, ವ್ಯತ್ಯಾಸ ಕಾಣುವುದೇ ಇಲ್ಲ. ಎರಡನೆಯದು ದ್ರಾವಕ. ಡಿಎಂಎಸ್‌ಒ ಎಲ್ಲ ತಟ್ಟೆಗಳಲ್ಲೂ ಒಂದೇ ಪ್ರಮಾಣದಲ್ಲಿ, 0.1 ಪ್ರತಿಶತದ ಒಳಗೆ ಇರಲಿ. ಮೂರನೆಯದೇ ಹೆಚ್ಚು ಜನ ಬೀಳುವ ಗುಂಡಿ: ಆಂಡ್ರೋಜನ್ ತಡೆ ಅಳೆಯುವಾಗ ಬೆಳಕು ಕಡಿಮೆಯಾದರೆ ‘ತಡೆಯಿತು’ ಎಂದು ಬರೆದುಬಿಡುತ್ತಾರೆ. ಕೋಶಗಳು ಸತ್ತಿದ್ದರೂ ಬೆಳಕು ಕಡಿಮೆಯಾಗುತ್ತದೆ. ಜೊತೆಗೇ ಜೀವಂತಿಕೆ ಅಳೆದು, ಅದು 80 ಪ್ರತಿಶತಕ್ಕಿಂತ ಕೆಳಗಿಳಿದ ಪ್ರಮಾಣಗಳನ್ನು ಲೆಕ್ಕದಿಂದ ಕೈಬಿಡಿ. ಬೆಳಕು ಹೆಚ್ಚಾದಾಗಲೂ ಪೂರ್ತಿ ನಂಬಬೇಡಿ. ಕೆಲವು ವಸ್ತುಗಳು ಗ್ರಾಹಕವನ್ನು ಮುಟ್ಟದೆ ಲೂಸಿಫೆರೇಸ್ ಕಿಣ್ವವನ್ನೇ ಗಟ್ಟಿ ಮಾಡಿ ಬೆಳಕು ಹೆಚ್ಚಿಸುತ್ತವೆ. ಈಸ್ಟ್ರೋಜನ್ ಗ್ರಾಹಕವನ್ನು ತಡೆಯುವ ಫುಲ್ವೆಸ್ಟ್ರಂಟ್ ಎಂಬ ಮದ್ದು ಸೇರಿಸಿದಾಗ ಬೆಳಕು ಇಳಿದರೆ ಅದು ಗ್ರಾಹಕದ ದಾರಿಯದು. ಆಮೇಲೆ ಸ್ತನ ಕ್ಯಾನ್ಸರಿನಿಂದ ಪಡೆದ ಎಂಸಿಎಫ್-7 ಕೋಶಗಳಲ್ಲಿ ಟಿಎಫ್‌ಎಫ್1, ಪಿಜಿಆರ್ ಎಂಬ ಕೋಶದ ಸ್ವಂತ ಜೀನ್‌ಗಳ ಆರ್‌ಎನ್‌ಎ ಅಳೆದು ಖಚಿತ ಮಾಡಿಕೊಳ್ಳಿ.

ಅನುಸರಿಸಲು ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಸಿದ್ಧ ಮಾರ್ಗಸೂಚಿಗಳಿವೆ: ಈಸ್ಟ್ರೋಜನ್ ಗ್ರಾಹಕಕ್ಕೆ 455, ಆಂಡ್ರೋಜನ್‌ಗೆ 458, ಎಚ್295ಆರ್ ಕೋಶಗಳಲ್ಲಿ ಹಾರ್ಮೋನು ತಯಾರಿಗೆ 456. ಕೊನೆಯದರಲ್ಲಿ 48 ಗಂಟೆ ಔಷಧ ಕೊಟ್ಟು ಟೆಸ್ಟೊಸ್ಟಿರೋನ್, ಎಸ್ಟ್ರಾಡಯಾಲ್ ಅಳೆಯುತ್ತಾರೆ. ಒಂದು ವರ್ಷದ ಪ್ರಾಜೆಕ್ಟಿಗೆ ಮೂರನ್ನೂ ಹಿಡಿಯಬೇಡಿ, 455 ಒಂದೇ ಸಾಕು. ತಟ್ಟೆಯ ಕೋಶಗಳಲ್ಲಿ ಯಕೃತ್ತಿನ ಕಿಣ್ವಗಳು ಬಹುತೇಕ ಇರುವುದಿಲ್ಲ. ಮೈಯೊಳಗೆ ಒಡೆದ ಮೇಲೆ ಚುರುಕಾಗುವ ಔಷಧ ಅಲ್ಲಿ ಸಾಧುವಾಗಿ ಕಾಣಬಹುದು ಎಂಬುದನ್ನು ವರದಿಯಲ್ಲಿ ಬರೆಯಲು ಮರೆಯಬೇಡಿ.

ನಾನು ಆಶಾ ಕಾರ್ಯಕರ್ತಿ. ನಮ್ಮೂರಾಗ ಬಸುರಿಯರು ದಾಳಿಂಬೆ ತ್ವಾಟಕ್ಕ, ಹತ್ತಿ ಕ್ರಾಸಿಂಗ್ ಕೆಲಸಕ್ಕ ಹೋಗ್ತಾರ. ಬ್ಯಾಡ ಅಂದ್ರ ಕೂಲಿ ಯಾರು ಕೊಡ್ತಾರ ಅಂತಾರ. ಅವರಿಗೆ ಏನು ಹೇಳ್ಲಿ? (ಕುಷ್ಟಗಿ)

ಕೂಲಿ ಬಿಡಿ ಎಂದು ಹೇಳಿ ಪ್ರಯೋಜನವಿಲ್ಲ ಎಂಬುದು ನಿಮಗೇ ಗೊತ್ತು, ತಾಯಿ. ಯಾವ ಕೆಲಸ ಬಿಡಬೇಕು, ಯಾವಾಗ ಬಿಡಬೇಕು ಎಂದು ಹೇಳಿದರೆ ಕೇಳುತ್ತಾರೆ.

ಗಂಡು ಮಗುವಿನ ಜನನಾಂಗ ರೂಪುಗೊಳ್ಳಲು ಬೇಕಾದ ಆಂಡ್ರೋಜನ್ ಆದೇಶ ಹೊರಡುವುದು ಗರ್ಭದ ಸುಮಾರು 8ರಿಂದ 14ನೇ ವಾರದೊಳಗೆ. ಆ ಹೊತ್ತಿಗೆ ತಪ್ಪಿದ ಆದೇಶವನ್ನು ಮುಂದೆ ಹಾರ್ಮೋನು ಸರಿಹೋದರೂ ಮತ್ತೆ ಹೊರಡಿಸಲಾಗದು. ಥೈರಾಯ್ಡಿನ ಲೆಕ್ಕದಲ್ಲೂ ಮೊದಲ ತಿಂಗಳುಗಳೇ ಸೂಕ್ಷ್ಮ: ಮಗುವಿನ ಗ್ರಂಥಿ ಸಾಕಷ್ಟು ಹಾರ್ಮೋನು ತಯಾರಿಸುವುದು 16ರಿಂದ 20ನೇ ವಾರದ ಮೇಲೆ, ಅಲ್ಲಿಯವರೆಗೆ ಮಿದುಳು ತಾಯಿಯ ಥೈರಾಯ್ಡನ್ನೇ ನೆಚ್ಚಿಕೊಂಡಿರುತ್ತದೆ. ತೊಡಕೇನೆಂದರೆ ಈ ವಾರಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಬಸುರಿ ಎಂದು ಊರಿಗೆ ಹೇಳಿರುವುದೇ ಇಲ್ಲ. ಹೀಗಾಗಿ ಮುಟ್ಟು ತಪ್ಪಿದ ಕೂಡಲೇ ನಿಮಗೆ ಹೇಳುವಂತೆ ಮಾಡುವುದೇ ನಿಮ್ಮ ದೊಡ್ಡ ಕೆಲಸ.

ಬಿಡಬೇಕಾದ್ದು ಇಷ್ಟು: ಔಷಧ ಕಲಸುವುದು, ಪಂಪಿಗೆ ನೀರು ಹೊತ್ತು ತುಂಬುವುದು, ಹೊಡೆಯುವವರ ಹಿಂದೆ ಪೈಪು ಹಿಡಿಯುವುದು, ಗಂಡಸರ ಎಣ್ಣೆ ಬಟ್ಟೆ ಒಗೆಯುವುದು. ಈ ಕೊನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಒದ್ದೆ ಬಟ್ಟೆ, ಬರಿಗೈ, ಅರ್ಧ ಗಂಟೆ ಉಜ್ಜುವುದು ಸೇರಿದರೆ ಚರ್ಮದ ಮೂಲಕ ಹೋಗುವುದು ಕಡಿಮೆ ಏನಲ್ಲ. ಹೊಡೆದ ತೋಟಕ್ಕೆ ಆವತ್ತೇ ಇಳಿಯುವುದೂ ಬೇಡ. ಲೇಬಲ್ಲಿನಲ್ಲಿ ಮರುಪ್ರವೇಶದ ಅವಧಿ ಇದ್ದರೆ ಅದನ್ನು ನೋಡಿ. ಇಲ್ಲದಿದ್ದರೆ ಕನಿಷ್ಠ ಮರುದಿನ, ಎಲೆ ಪೂರ್ತಿ ಒಣಗಿದ ಮೇಲೆ. ಕ್ರಾಸಿಂಗ್ ಕೆಲಸದಲ್ಲಿ, ಅಂದರೆ ಹೈಬ್ರಿಡ್ ಬೀಜಕ್ಕೆ ಕೈಯಿಂದ ಪರಾಗ ಹಚ್ಚುವಾಗ, ದಿನವಿಡೀ ಹೂವು ಮುಟ್ಟುವುದರಿಂದ ಬೆರಳಿನಿಂದಲೇ ಔಷಧ ಏರುತ್ತದೆ. ಬುತ್ತಿ ಬಿಚ್ಚುವ ಮುಂಚೆ, ಎಲೆಅಡಿಕೆ ಹಾಕುವ ಮುಂಚೆ ಸಾಬೂನಿನಿಂದ ಕೈ ತೊಳೆಯಲು ಒಂದು ಕೊಡ ನೀರು ಬದುವಿನ ಮೇಲೆ ಇರಲಿ.

ಅಯೋಡಿನ್ ಉಪ್ಪು ಕಡ್ಡಾಯ. ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು. ಅದು ಕೊರತೆಯಿದ್ದಲ್ಲಿ ಇಟಿಯುನಂಥ ಅಡ್ಡಿ ಇನ್ನಷ್ಟು ತಟ್ಟುತ್ತದೆ. ಮೊದಲ ತಪಾಸಣೆಯಲ್ಲೇ ಥೈರಾಯ್ಡಿನ ರಕ್ತಪರೀಕ್ಷೆಯಾದ ಟಿಎಸ್‌ಎಚ್ ಮಾಡಿಸಿ. ಗಂಡು ಮಗು ಹುಟ್ಟಿದಾಗ ಎರಡೂ ವೃಷಣ ಚೀಲದಲ್ಲಿವೆಯೇ, ಮೂತ್ರದ ರಂಧ್ರ ತುದಿಯಲ್ಲಿದೆಯೇ ನೋಡಿ. 6 ತಿಂಗಳಾದರೂ ವೃಷಣ ಇಳಿಯದಿದ್ದರೆ ಮಕ್ಕಳ ಶಸ್ತ್ರವೈದ್ಯರಿಗೆ ಕಳಿಸಿ. ಇಂಥ ದೋಷಕ್ಕೆ ಕಾರಣ ಹಲವು ಇರುತ್ತವೆ. ‘ನೀ ತ್ವಾಟಕ್ಕ ಹೋಗಿದ್ದಕ್ಕೇ ಹಿಂಗಾತು’ ಎಂದು ಯಾರಾದರೂ ತಾಯಿಯ ತಲೆಗೆ ಕಟ್ಟಲು ಬಂದರೆ ಅಲ್ಲೇ ತಡೆಯಿರಿ. ಒಂದು ಮಗುವಿನ ಮಟ್ಟಿಗೆ ಹಾಗೆ ಬೆರಳು ತೋರಿಸಲು ಯಾವ ಪರೀಕ್ಷೆಯೂ ಇಲ್ಲ.

ಪೂರಾ ಡ್ರೆಸ್ ಹಾಕ್ಕೊಂಡು ಹೊಡೀರಿ ಅಂತಾರ. ನಮ್ಮ ಬಿಸಲಾಗ ಅದು ಆಗೂದಿಲ್ಲ. ಅದು ಬಿಟ್ಟು ಏನು ಮಾಡಬೌದು? (ದೇವದುರ್ಗ)

40 ಡಿಗ್ರಿ ಬಿಸಿಲಿನಲ್ಲಿ ಪ್ಲಾಸ್ಟಿಕ್ ಸೂಟು ಹಾಕಿದವರು ಎಣ್ಣೆಗಿಂತ ಮುಂಚೆ ಬಿಸಿಲಿಗೇ ಬೀಳುತ್ತಾರೆ. ಹಾಗಾಗಿ ಎಲ್ಲಿ ಹೆಚ್ಚು ಒಳಗೆ ಹೋಗುತ್ತದೋ ಅಲ್ಲಿ ಗಟ್ಟಿ ಕಾಪಾಡಿಕೊಳ್ಳುವುದೇ ಜಾಣತನ.

ಅದು ಕಲಸುವ ಹೊತ್ತು. ಪ್ರೊಪಿಕೊನಜೋಲ್ 25 ಇಸಿ (ದ್ರಾವಕದಲ್ಲಿ ಕರಗಿಸಿದ 25 ಪ್ರತಿಶತದ ಔಷಧ) ತೆಗೆದುಕೊಳ್ಳಿ. ಲೀಟರ್ ನೀರಿಗೆ 1 ಮಿಲಿ, ಅಂದರೆ 16 ಲೀಟರಿನ ಪಂಪಿಗೆ 16 ಮಿಲಿ. ಬಾಟಲಿಯ 1 ಮಿಲಿಯಲ್ಲಿ 250 ಮಿಲಿಗ್ರಾಂ ಔಷಧವಿದೆ, ಕಲಸಿದ ಇಡೀ 1 ಲೀಟರಿನಲ್ಲಿ ಇರುವುದೂ ಅಷ್ಟೇ. ಮುಚ್ಚಳದಲ್ಲಿ ಅಳೆಯುವಾಗ ಬೆರಳಿಗೆ ಹರಿದ ಒಂದು ಮಿಲಿ, ಅಂಗಿಯ ಮೇಲೆ ಒಂದು ಲೀಟರ್ ಸುರುವಿಕೊಂಡದ್ದಕ್ಕೆ ಸಮ. ಕಲಸುವ ಐದು ನಿಮಿಷ ನೈಟ್ರೈಲ್ ಕೈಗವಸು, ಕಣ್ಣಿಗೆ ಕನ್ನಡಕ, ಎದೆಯಿಂದ ಮೊಣಕಾಲವರೆಗೆ ಒಂದು ಪ್ಲಾಸ್ಟಿಕ್ ಹಾಳೆ ಕಟ್ಟಿಕೊಳ್ಳಿ. ಐದು ನಿಮಿಷಕ್ಕೆ ಬಿಸಿಲು ಏನೂ ಮಾಡದು. ಆಸ್ಪತ್ರೆಯ ತೆಳ್ಳನೆ ರಬ್ಬರ್ ಗ್ಲೌಸು ಬೇಡ, ಇಸಿ ಔಷಧದ ದ್ರಾವಕ ಅದನ್ನು ದಾಟುತ್ತದೆ. ಬಟ್ಟೆಯ ಗ್ಲೌಸಂತೂ ಹೀರಿಕೊಂಡು ಕೈಗೇ ಹಿಡಿದಿಡುತ್ತದೆ. ಬಿಚ್ಚುವ ಮುಂಚೆ ಗ್ಲೌಸು ಹಾಕಿಕೊಂಡೇ ಕೈ ತೊಳೆಯಿರಿ.

ಎರಡನೆಯದು ಸೋರುವ ಪಂಪು. ಹಂಗಾಮಿನ ಮೊದಲು ಬರೀ ನೀರು ತುಂಬಿ, ಒಣ ಸಿಮೆಂಟ್ ನೆಲದ ಮೇಲಿಟ್ಟು ಒತ್ತಡ ಏರಿಸಿ, ಮುಂದಕ್ಕೆ ಬಾಗಿಸಿ ಐದು ನಿಮಿಷ ನೋಡಿ. ಹೆಚ್ಚಾಗಿ ಸೋರುವುದು ಮುಚ್ಚಳದ ವಾಷರಿನಲ್ಲಿ, ಪೈಪು ಟ್ಯಾಂಕಿಗೆ ಸೇರುವಲ್ಲಿ, ಕೈಹಿಡಿಯ ವಾಲ್ವಿನಲ್ಲಿ. ಮುಚ್ಚಳದಿಂದ ಸೋರಿದ್ದು ಬೆನ್ನಿನ ಮೇಲಿಂದ ಸೊಂಟಕ್ಕೆ, ಅಲ್ಲಿಂದ ತೊಡೆಸಂದಿಗೆ ಇಳಿಯುತ್ತದೆ. ಆ ಜಾಗವೇ ಅಪಾಯದ್ದು: 1971ರಲ್ಲಿ ಪ್ರಕಟವಾದ ಮಾಪನದಲ್ಲಿ ಪ್ಯಾರಾಥಿಯಾನ್ ಮುಂಗೈ ಚರ್ಮದಿಂದ ಸುಮಾರು 9 ಪ್ರತಿಶತ, ಹಣೆಯಿಂದ 36 ಪ್ರತಿಶತ ಒಳಹೋದರೆ ವೃಷಣಚೀಲದ ಚರ್ಮದಿಂದ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಮುಖಕ್ಕೆ ಟವೆಲು ಸುತ್ತಿ, ಒದ್ದೆ ಲುಂಗಿಯಲ್ಲಿ ಇಡೀ ದಿನ ಹೊಡೆಯುವವರು ಈ ಅಂಕಿಯನ್ನೊಮ್ಮೆ ನೋಡಲಿ. ಬೆನ್ನಿಗೂ ಪಂಪಿಗೂ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಇರಲಿ. ಟ್ಯಾಂಕನ್ನು ಕುತ್ತಿಗೆವರೆಗೆ ತುಂಬಬೇಡಿ. ಎದೆಮಟ್ಟ ಬೆಳೆದ ಭತ್ತದಲ್ಲಿ ಹೊಡೆಯುವಾಗ ಸೊಂಟದಿಂದ ಕೆಳಗೆ ಪ್ಲಾಸ್ಟಿಕ್ ಸುತ್ತಿಕೊಳ್ಳಿ.

ಗಾಳಿ ಬೀಸಿ ಹೋಗುವ ಕಡೆಯ ಬದುವಿನಿಂದ ಶುರು ಮಾಡಿ, ಗಾಳಿಗೆ ಅಡ್ಡಲಾಗಿ ಸಾಲು ಹಿಡಿದು, ಒಂದೊಂದೇ ಸಾಲು ಗಾಳಿ ಬರುವ ಕಡೆಗೆ ಸರಿಯುತ್ತ ಬನ್ನಿ. ಆಗ ನಡೆಯುವುದು ಒಣ ಬೆಳೆಯಲ್ಲಿ. ನಾಝಲ್ ಕಟ್ಟಿದರೆ ಬಾಯಿಂದ ಊದಬೇಡಿ, ಹಳೆಯ ಹಲ್ಲುಜ್ಜುವ ಬ್ರಶ್ಶು ಜೇಬಿನಲ್ಲಿರಲಿ. ಮೂತ್ರಕ್ಕೆ ಹೋಗುವ ಮುಂಚೆಯೂ ಕೈ ತೊಳೆಯಬೇಕು.

ಮ್ಯಾಂಕೋಜೆಬ್ ಕಲಸಿ ಉಳಿದ ನೀರನ್ನು ನಾಳೆಗೆಂದು ಇಡಬೇಡಿ, ಚೀಲವನ್ನು ಬಿಸಿ ತಗಡಿನ ಶೆಡ್ಡಿನಲ್ಲಿ ತೇವ ತಾಗುವಂತೆ ಬಿಡಬೇಡಿ. ತೇವ ಮತ್ತು ಬಿಸಿ ಸೇರಿದರೆ ಇಟಿಯು ಹೆಚ್ಚುತ್ತದೆ. ರೋಗಕ್ಕೆ ಕೆಲಸ ಮಾಡುವುದು ಕಡಿಮೆ, ನಿಮಗೆ ತಟ್ಟುವುದು ಜಾಸ್ತಿ.

ಹಸಿಮೆಣಸಿನಕಾಯಿ, ಪಲ್ಯದ ಸೊಪ್ಪು ಉಪ್ಪುನೀರಿನಲ್ಲಿ ತೊಳೆದರೆ ಔಷಧ ಹೋಗುತ್ತದೆಯೇ? ಒಣಮೆಣಸಿನಕಾಯಿ ಏನು ಮಾಡುವುದು? (ಸಿರುಗುಪ್ಪ)

ಮೇಲೆ ಕೂತದ್ದು ಸಾಕಷ್ಟು ಹೋಗುತ್ತದೆ. ಒಳಗೆ ಇಳಿದದ್ದು, ಅಂದರೆ ಕೊನಜೋಲಿನಂಥ ಅಂತರ್ವ್ಯಾಪಿ ಔಷಧ, ಹೋಗುವುದಿಲ್ಲ. ಲೀಟರಿಗೆ 20 ಗ್ರಾಂ ಉಪ್ಪು ಹಾಕಿ 10 ನಿಮಿಷ ನೆನೆಸಿ, ಆಮೇಲೆ ಹರಿಯುವ ನೀರಿನಲ್ಲಿ ತೊಳೆಯಿರಿ. ಲೀಟರಿಗೆ 10 ಗ್ರಾಂ ಅಡುಗೆ ಸೋಡಾದಲ್ಲಿ 12ರಿಂದ 15 ನಿಮಿಷ ಇಟ್ಟಾಗ ಸೇಬಿನ ಮೇಲ್ಮೈಯ ಎರಡು ಔಷಧಗಳು ಹೋದವೆಂದು ಅಮೆರಿಕದ 2017ರ ಅಧ್ಯಯನವೊಂದು ತೋರಿಸಿತು. ಅದರಲ್ಲೂ ಸಿಪ್ಪೆಯೊಳಗೆ ಇಳಿದ ಪಾಲು ಹಾಗೇ ಉಳಿದಿತ್ತು. ತೊಳೆಯುವುದು ಬೇಯಿಸುವ ಮುಂಚೆಯೇ ಆಗಬೇಕು. ಮ್ಯಾಂಕೋಜೆಬ್ ಶೇಷ ಕುದಿಯುವಾಗ ಇಟಿಯು ಆಗಿ ಬದಲಾಗುತ್ತದೆ.

ಒಣಮೆಣಸಿನಕಾಯಿಯದು ಅಡುಗೆಮನೆಯಲ್ಲಿ ಬಗೆಹರಿಯುವ ಮಾತಲ್ಲ. ನೀರು ಆರಿ ತೂಕ ಇಳಿದಂತೆ ಶೇಷದ ಸಾಂದ್ರತೆ ಏಳರಿಂದ ಹತ್ತು ಪಟ್ಟು ಏರಬಹುದು. ಕಣದಲ್ಲಿ ಹರವುವ ಮುಂಚೆ, ಕೊನೆಯ ಸಿಂಪರಣೆಗೂ ಬಿಡಿಸುವುದಕ್ಕೂ ನಡುವೆ ಲೇಬಲ್ಲಿನಲ್ಲಿರುವಷ್ಟು ದಿನ ಬಿಟ್ಟಿದ್ದರೆ ಮಾತ್ರ ಅದು ಕಡಿಮೆಯಾಗುವುದು. ಬ್ಯಾಡಗಿ ಮಾರುಕಟ್ಟೆಗೆ ಹೋಗುವ ಕಾಯಿಗೆ ಬಣ್ಣ ಬರಲೆಂದು ಕೊನೆಗೊಂದು ಹೊಡೆತ ಹೊಡೆಯುವ ರೂಢಿ ಇದ್ದರೆ, ಬಿಡಬೇಕಾದ್ದು ಅದನ್ನೇ.

ನಮ್ಮೂರ ಕುಡಿಯುವ ನೀರಿನ ಕೆರೆಗೆ ಎಡದಂಡೆ ಕಾಲುವೆಯಿಂದ ನೀರು ತುಂಬುತ್ತಾರೆ. ಕಾಯಿಸಿ ಕುಡಿದರೆ ಸಾಕೇ? (ಮಾನ್ವಿ)

ಕಾಯಿಸಿದರೆ ರೋಗಾಣು ಸಾಯುತ್ತವೆ, ಕೀಟನಾಶಕ ಹೋಗುವುದಿಲ್ಲ. ನೀರು ಆವಿಯಾದಷ್ಟು ಅದರ ಸಾಂದ್ರತೆ ಕೊಂಚ ಹೆಚ್ಚೇ ಆದೀತು. ಇದ್ದಿಲಿನ ಫಿಲ್ಟರು ಅಟ್ರಜಿನ್, ಕ್ಲೋರ್‌ಪೈರಿಫಾಸ್‌ನಂಥವನ್ನು ಹಿಡಿಯುತ್ತದೆ, ಆದರೆ ಅವಧಿಗೆ ಬದಲಾಯಿಸದ ಇದ್ದಿಲಿನಿಂದ ಉಪಯೋಗವಿಲ್ಲ. ಊರಿನ ಶುದ್ಧ ನೀರಿನ ಘಟಕದಲ್ಲಿ ಇದ್ದಿಲು ಯಾವಾಗ ಬದಲಾಯಿಸಿದರೆಂದು ಕೇಳಿ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿನಲ್ಲಿ ಅಟ್ರಜಿನ್ 2 ಮೈಕ್ರೋಗ್ರಾಂ, ಕ್ಲೋರ್‌ಪೈರಿಫಾಸ್ 30, ಬ್ಯುಟಾಕ್ಲೋರ್ 125, ಎಂಡೋಸಲ್ಫಾನ್ 0.4 ಮೀರಬಾರದು. ನಮ್ಮ ಆಕ್ಷೇಪವೊಂದಿದೆ: ಆ ಪಟ್ಟಿಯಲ್ಲಿ ಕೊನಜೋಲುಗಳ ಹೆಸರಿಲ್ಲ, ಇಟಿಯು ಹೆಸರೂ ಇಲ್ಲ. ‘ಎಲ್ಲ ಮಿತಿಯೊಳಗೆ’ ಎಂದು ವರದಿ ಬಂದರೆ ಪಟ್ಟಿಯಲ್ಲಿ ಇದ್ದವು ಮಿತಿಯೊಳಗೆ ಎಂದಷ್ಟೇ ಅರ್ಥ. ಪರೀಕ್ಷೆ ಮಾಡಿಸುವುದಾದರೆ ಪ್ಲಾಸ್ಟಿಕ್ ಬಾಟಲಿ ಬೇಡ, ಕೆಲವು ಔಷಧಗಳು ಅದರ ಗೋಡೆಗೆ ಅಂಟುತ್ತವೆ. ಕಂದು ಗಾಜಿನ ಒಂದು ಲೀಟರ್ ಬಾಟಲಿಯಲ್ಲಿ ತುಂಬಿ, ಐಸಿನಲ್ಲಿಟ್ಟು ಮರುದಿನದೊಳಗೆ ತಲುಪಿಸಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಶೇಷ ಪರೀಕ್ಷೆಯ ಪ್ರಯೋಗಾಲಯವಿದೆ. ಸುತ್ತಲಿನ ಹೊಲಗಳಲ್ಲಿ ಯಾವ ಯಾವ ಔಷಧ ಹೊಡೆದಿದ್ದಾರೆಂದು ಚೀಟಿ ಬರೆದು ಕೊಡಿ, ಹುಡುಕಬೇಕಾದ್ದನ್ನು ಹೇಳದೆ ಯಂತ್ರ ಹುಡುಕದು.

ಅಜ್ಜ ಹೊಡೆದ ಎಣ್ಣೆ ಮೊಮ್ಮಕ್ಕಳಿಗೂ ತಟ್ಟುತ್ತದೆ ಎಂಬ ವಿಡಿಯೊ ವಾಟ್ಸಾಪಿನಲ್ಲಿ ಬಂದಿದೆ. ನಿಜವೇ? (ಗಂಗಾವತಿ)

ಅಷ್ಟು ನೇರವಾಗಿ ಹೇಳುವಂತಿಲ್ಲ. ಆ ಮಾತಿನ ಮೂಲ 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಇಲಿಗಳ ಪ್ರಯೋಗ. ಬಸಿರು ಇಲಿಗಳಿಗೆ ವಿಂಕ್ಲೊಜೊಲಿನ್ ಎಂಬ ಶಿಲೀಂಧ್ರನಾಶಕವನ್ನು ಕಿಲೋ ತೂಕಕ್ಕೆ ದಿನಕ್ಕೆ 100 ಮಿಲಿಗ್ರಾಂನಂತೆ ಚುಚ್ಚಿದಾಗ ನಾಲ್ಕು ತಲೆಮಾರಿನ ಗಂಡುಗಳಲ್ಲಿ ವೀರ್ಯಾಣು ಕುಗ್ಗಿದ್ದವು. ಡಿಎನ್‌ಎ ಅಕ್ಷರ ಬದಲಾಗದೆ, ಅದರ ಸೈಟೋಸಿನ್ ಅಕ್ಷರದ ಮೇಲೆ ಕೂರುವ ಮಿಥೈಲ್ ಗುರುತುಗಳು ಬದಲಾಗಿದ್ದವು. ಬೇರೆ ಪ್ರಯೋಗಾಲಯಗಳು ಬಾಯಿಯ ಮೂಲಕ ಕೊಟ್ಟು, ಬೇರೆ ತಳಿಯಲ್ಲಿ ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ. ಆ ಪ್ರಮಾಣವೂ ಹೊಲದಲ್ಲಿ ಮನುಷ್ಯನಿಗೆ ತಗಲುವುದಕ್ಕಿಂತ ತೀರಾ ಹೆಚ್ಚು.

ಮನುಷ್ಯರಲ್ಲಿ ಕ್ಯಾಲಿಫೋರ್ನಿಯಾದ ಅಧ್ಯಯನವೊಂದಿದೆ. 1959ರಿಂದ 1967ರವರೆಗೆ ಬಸುರಿಯರ ರಕ್ತ ತೆಗೆದಿಟ್ಟು, ಆ ಅಜ್ಜಿಯರ ಒ,ಪಿ-ಡಿಡಿಟಿ ಮಟ್ಟಕ್ಕೂ ಮೊಮ್ಮಗಳಂದಿರ ಬೊಜ್ಜು ಮತ್ತು ಬೇಗ ಮೈನೆರೆಯುವುದಕ್ಕೂ ಸಂಬಂಧ ಕಂಡಿತೆಂದು 2021ರಲ್ಲಿ ಪ್ರಕಟಿಸಿದರು. ಆದರೆ ಬಸುರಿಯ ಹೊಟ್ಟೆಯಲ್ಲಿನ ಹೆಣ್ಣು ಭ್ರೂಣದಲ್ಲಿ ಆಗಲೇ ಅದರ ಅಂಡಾಣುಗಳ ಮೂಲಕೋಶಗಳಿರುತ್ತವೆ. ಅಂದರೆ ಮೊಮ್ಮಗಳಾಗಲಿರುವ ಕೋಶಕ್ಕೆ ಡಿಡಿಟಿ ನೇರವಾಗಿಯೇ ತಗಲಿತ್ತು. ಬಸುರಿ ಅಜ್ಜಿಯಿಂದ ಶುರುವಾದ ಲೆಕ್ಕದಲ್ಲಿ, ನೇರ ಸಂಪರ್ಕವಿಲ್ಲದೆ ಬಂತೆನ್ನಲು ಮರಿಮಕ್ಕಳಲ್ಲಿ ತೋರಿಸಬೇಕು. ಅಜ್ಜ ಹೊಡೆದ ಎಣ್ಣೆಯ ಬಗ್ಗೆ ಈ ಅಧ್ಯಯನ ಏನೂ ಹೇಳುವುದಿಲ್ಲ.

ಹಾರ್ಮೋನ್ ಕೆಟ್ಟಿದೆಯೋ ಇಲ್ಲವೋ ತಿಳಿಯಲು ಯಾವ ರಕ್ತ ಪರೀಕ್ಷೆ ಮಾಡಿಸಬೇಕು? (ಯಲಬುರ್ಗಾ)

ಔಷಧದಿಂದಲೇ ಕೆಟ್ಟಿತು ಎಂದು ಹೇಳುವ ಪರೀಕ್ಷೆ ಆಸ್ಪತ್ರೆಯಲ್ಲಿ ಇಲ್ಲ. ಪ್ಯಾಕೇಜಿನ ಹೆಸರಿನಲ್ಲಿ ಹತ್ತಾರು ಹಾರ್ಮೋನು ಅಳೆಯುವುದು ದುಡ್ಡು ದಂಡ. ಲಕ್ಷಣವಿದ್ದರೆ ಅದಕ್ಕೆ ತಕ್ಕದ್ದು: ಥೈರಾಯ್ಡಿಗೆ ಟಿಎಸ್‌ಎಚ್, ಮಕ್ಕಳಾಗದಿದ್ದರೆ ಮೊದಲು ವೀರ್ಯ ಪರೀಕ್ಷೆ. ಕೋಲಿನೆಸ್ಟರೇಸ್ ಪರೀಕ್ಷೆ ರಂಜಕ ಮತ್ತು ಕಾರ್ಬಮೇಟ್ ವಿಷಕ್ಕೆ ಮಾತ್ರ. ಹೊಡೆದ ದಿನ ಬೆವರು, ಜೊಲ್ಲು, ಉಸಿರಾಟದ ಕಷ್ಟ ಬಂದರೆ ಪರೀಕ್ಷೆಗೆ ಕಾಯದೆ ಬಟ್ಟೆ ಕಳಚಿ ಮೈ ತೊಳೆದು 108ಕ್ಕೆ ಕರೆ ಮಾಡಿ. ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ಬೇವಿನ ಔಷಧವೂ ಹಾರ್ಮೋನ್ ಕೆಡಿಸುತ್ತದೆ ಎಂದು ಅಂಗಡಿಯವರು ಹೇಳಿ ‘ಬಯೋ’ ಬಾಟಲಿ ಕೊಟ್ಟರು. ಅದರ ಮೇಲೆ ಏನಿದೆ ಎಂದೇ ಬರೆದಿಲ್ಲ. ಹೊಡೆಯಲೇ? (ಲಿಂಗಸೂಗೂರು)

ಹೊಡೆಯಬೇಡಿ. ಬೇವಿನ ಅಜಾಡಿರಕ್ಟಿನ್ ಹಾರ್ಮೋನು ಕೆಡಿಸುವುದು ನಿಜ, ಆದರೆ ಹುಳುವಿನದು: ಪೊರೆ ಕಳಚಲು ಹುಳುವಿಗೆ ಬೇಕಾದ ಎಕ್ಡೈಸೋನಿನ ಕೆಲಸಕ್ಕೆ ಅದು ತಡೆ ಒಡ್ಡುತ್ತದೆ. ಎಕ್ಡೈಸೋನಿನ ಗ್ರಾಹಕ ಮನುಷ್ಯರಲ್ಲಿ ಇಲ್ಲ. ಬೇವಿನ ಔಷಧ ಕೊಳ್ಳುವಾಗ 300, 1500, 10,000 ಪಿಪಿಎಂ ಎಂದು ಅಜಾಡಿರಕ್ಟಿನ್ ಪ್ರಮಾಣ ಬರೆದದ್ದನ್ನು ನೋಡಿ, ಅದಕ್ಕೆ ತಕ್ಕಂತೆ ಲೀಟರಿಗೆ ಎಷ್ಟು ಎಂಬುದು ಬದಲಾಗುತ್ತದೆ.

ಏನಿದೆ ಎಂದು ಬರೆಯದ ‘ಬಯೋ’ ಬಾಟಲಿಗಳಲ್ಲಿ ರಾಸಾಯನಿಕ ಕೀಟನಾಶಕ ಬೆರೆಸಿದ ಪ್ರಕರಣಗಳು ದೇಶದ ಹಲವೆಡೆ ಪತ್ತೆಯಾಗಿವೆ. ತಕ್ಷಣ ಹುಳು ಉದುರಿದರೆ ಅದೇ ಗುಮಾನಿಗೆ ಕಾರಣ. ಏನು ಬೆರೆತಿದೆ ಎಂದೇ ಗೊತ್ತಿಲ್ಲದಿದ್ದರೆ ಎಷ್ಟು ದಿನ ಬಿಟ್ಟು ಕಾಯಿ ಬಿಡಿಸಬೇಕು, ಯಾರು ದೂರವಿರಬೇಕು ಎಂಬ ಯಾವ ಲೆಕ್ಕವೂ ನಿಲ್ಲುವುದಿಲ್ಲ. 1968ರ ಕೀಟನಾಶಕ ಕಾಯ್ದೆಯಡಿ ಬರುವ ಔಷಧಕ್ಕೆ ನೋಂದಣಿ ಸಂಖ್ಯೆ, ಸಕ್ರಿಯ ವಸ್ತುವಿನ ಹೆಸರು ಮತ್ತು ಪ್ರತಿಶತ, ಬ್ಯಾಚ್ ಸಂಖ್ಯೆ, ತಯಾರಿಕೆ ಮತ್ತು ಮುಗಿಯುವ ದಿನಾಂಕ ಲೇಬಲ್ಲಿನಲ್ಲಿ ಇರಲೇಬೇಕು. ಬಾಟಲಿಯ ಮುಚ್ಚಳ ತೆಗೆಯದೆ, ಬ್ಯಾಚ್ ಸಂಖ್ಯೆ ಬರೆದ ಬಿಲ್ಲಿನ ಜೊತೆ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ಕೃಷಿ ಅಧಿಕಾರಿಗೆ ತೋರಿಸಿ. ಬಿಲ್ಲು ಕೊಟ್ಟಿಲ್ಲವಾದರೆ ಮೊದಲು ಅಂಗಡಿಗೆ ಹೋಗಿ ಅದನ್ನು ಕೇಳಿ. ಕೊಡಲು ಒಪ್ಪದಿದ್ದರೆ ಬಾಟಲಿಯನ್ನು ಅಲ್ಲೇ ವಾಪಸ್ ಮಾಡಿ ದುಡ್ಡು ತೆಗೆದುಕೊಳ್ಳಿ.